ಉಪವಾಸಕ್ಕ ಏನ ತಿಂದಿ?

ನನ್ನ ಮಗಳ ಒಂದು ಹಾಲುಹಲ್ಲು ನಮ್ಮ ಇಡೀ ಮನೆಯನ್ನು ಕುಣಿಸಿದ ಸುದ್ದಿ ಹೇಳಲು ಕೂತರೆ ಈಗಲೂ ನನ್ನ ದನಿ ತಾನಾಗಿ ಏರುತ್ತದೆ. ಏರಲಿ ಬಿಡಿ. ನನ್ನದು ಹುಟ್ಟಾ ದೊಡ್ಡ ಗಂಟಲು. "ಇಕಿ ಗುಟ್ಟು ಹೇಳಿದ್ರ ಊರ ಅಗಸಿತನಕ ಕೇಳಸತೈತಿ" ಎಂದು ತವರಿನಲ್ಲಿ ಅಣ್ಣ ಆಡಿಕೊಳ್ಳುತ್ತಿದ್ದ. ಖುಷಿಯಾದರೂ ಕೂಗುತ್ತೇನೆ, ಸಿಟ್ಟು ಬಂದರೂ ಕೂಗುತ್ತೇನೆ. ಎರಡಕ್ಕೂ ಇರುವ ಫರಕು ಗೊತ್ತಾಗುವುದು ನಮ್ಮ ಮನೆಯವರಿಗೆ ಮಾತ್ರ.

ಆಗ ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತು. ನಾವಿದ್ದದ್ದು ಖಾನಾಪುರದಲ್ಲಿ. ನಮ್ಮ ಮನೆಯವರು ಹಂಚಿನ ಕಾರ್ಖಾನೆಯಲ್ಲಿ ಕಾರಕೂನರು. ಮನೆಯಲ್ಲಿ ನಾವಿಬ್ಬರು, ನಮ್ಮ ಅತ್ತೆ, ಐದು ವರ್ಷದ ಮಗಳು. ಮಗಳಿಗೆ ಮೊಲೆಹಾಲು ಬಿಡಿಸುವ ಮೊದಲೇ ದಮ್ಮು ಗಂಟುಬಿದ್ದಿತ್ತು. ಉಸಿರೆಳೆದರೆ ಎದೆಯೊಳಗೆ ಯಾರೋ ಸಣ್ಣಗೆ ಸೀಟಿ ಊದಿದ ಹಾಗೆ. ಮಳೆಗಾಲದ ಥಂಡಿಗೆ ಏಳುತ್ತಿತ್ತು, ಹಂಚಿನ ಭಟ್ಟಿಯ ಹೊಗೆಗೆ ಏಳುತ್ತಿತ್ತು, ಒಗ್ಗರಣೆಯ ಘಾಟಿಗೂ ಏಳುತ್ತಿತ್ತು. ಅತ್ತರೂ ಬಂತು, ನಕ್ಕರೂ ಬಂತು. ನನ್ನಂಥ ಗಂಟಲಿನವಳಿಗೆ ಮನೆಯಲ್ಲಿ ಮೆಲ್ಲಗೆ ಮಾತಾಡುವ ಶಿಕ್ಷೆ. ನಾನು ಹುಮ್ಮಸ್ಸಿನಿಂದ ಏನಾದರೂ ಹೇಳಲು ಶುರುಮಾಡಿದರೆ ಹುಡುಗಿ ಅದಕ್ಕಿಂತ ಹೆಚ್ಚು ಹುರುಪಿಗೆ ಬಂದು ಕುಣಿಯುತ್ತಿದ್ದಳು, ಕುಣಿದ ಹಿಂದೆಯೇ ಕೆಮ್ಮು, ಕೆಮ್ಮಿನ ಹಿಂದೆ ದಮ್ಮು. ತಾಯಿ ಮಗಳಿಬ್ಬರೂ ಒಂದೇ ಮಣ್ಣಿನ ಗಡಿಗೆಗಳು, ಏನು ಮಾಡೋದು.

ಆ ವರ್ಷ ದೀಪಾವಳಿ ಹತ್ತಿರ ಬಂದಾಗ ಅವಳ ಕೆಳಗಿನ ದವಡೆಯ ಹಲ್ಲೊಂದರ ಬುಡದಲ್ಲಿ ಕೀವು ಕಟ್ಟಿತು. ಗಲ್ಲ ಬಾತು ಕಣ್ಣಿನ ತನಕ ಏರಿತು. ಗುಳಿಗೆ ಕೊಟ್ಟರೆ ಇಳಿಯುವುದು, ಗುಳಿಗೆ ಮುಗಿದರೆ ಮತ್ತೆ ಏರುವುದು. ಹುಡುಗಿ ರೊಟ್ಟಿ ಬಿಟ್ಟಳು, ಆಮೇಲೆ ಅನ್ನವನ್ನೂ ಬಿಟ್ಟಳು, ಅಂಬಲಿಯ ಮೇಲೆ ಬಂದು ನಿಂತಳು. ಮೊದಲೇ ಕಡ್ಡಿ, ಇನ್ನೂ ಸೊರಗಿದಳು. "ಹಾಲಹಲ್ಲ ಅಲ್ಲೇನ, ತಾನ ಬೀಳತೈತಿ ಬಿಡವಾ" ಎಂದು ಓಣಿಯೆಲ್ಲ ಬುದ್ಧಿ ಹೇಳಿತು. ಆ ದವಡೆಹಲ್ಲು ತಾನಾಗಿ ಬೀಳಬೇಕಾದರೆ ಇನ್ನೂ ನಾಲ್ಕೈದು ವರ್ಷ ಬೇಕಂತೆ. ಅಲ್ಲಿಯವರೆಗೆ ಕೂಸು ಅಂಬಲಿ ಕುಡಿದು ಬದುಕಬೇಕೇನು?

ಬೆಳಗಾವಿಯ ಖಾಸಬಾಗದಲ್ಲಿ ಹೊಸದಾಗಿ ಒಬ್ಬ ಹಲ್ಲಿನ ಡಾಕ್ಟರು ದವಾಖಾನೆ ಇಟ್ಟಿದ್ದರು. ಮೈಸೂರು ಕಡೆಯವರು, ವಯಸ್ಸು ಸಣ್ಣದು, ಮಾತು ಮೆತ್ತಗೆ. ಅವರ ಹತ್ತಿರ ಕರೆದೊಯ್ದೆವು. ಖುರ್ಚಿಯಲ್ಲಿ ಕೂರುವವರೆಗೆ ಎಲ್ಲ ಸರಿ ಇತ್ತು. ಸೂಜಿ ಕಂಡದ್ದೇ ತಡ, ನನ್ನ ಮಗಳು ನನ್ನ ಗಂಟಲನ್ನು ಹೊರಗೆ ತೆಗೆದಳು. ಅಳು, ಅಳುವಿನ ಹಿಂದೆ ದಮ್ಮು, ನೋಡುತ್ತ ನೋಡುತ್ತ ತುಟಿ ನೀಲಿಯಾಯಿತು. ಡಾಕ್ಟರು ಸೂಜಿ ಕೆಳಗಿಟ್ಟು ಅವಳನ್ನು ಎತ್ತಿ ಕಿಟಕಿಯ ಹತ್ತಿರ ಕೂರಿಸಿದರು.

"ಎಚ್ಚರವಿದ್ದಾಗ ಈ ಮಗುವಿನ ಹಲ್ಲು ಕೀಳೋಕೆ ಆಗಲ್ಲಮ್ಮ. ಮಲಗಿಸಿಯೇ ಕೀಳಬೇಕು" ಅಂದರು.

ಮಲಗಿಸುವುದು ಅಂದರೆ ಗುಂಗಿ ಔಷಧ. ಆಪರೇಶನ್ನಿಗೆ ಕೊಡುತ್ತಾರಲ್ಲ, ಅದೇ. ಆದರೆ ಯಾರು ಕೊಡುತ್ತಾರೆ? ಗುಂಗಿ ಕೊಡುವವರೆಂದು ಮೊದಲು ತೋರಿಸಿದ ಡಾಕ್ಟರು ಕೈ ಝಾಡಿಸಿಬಿಟ್ಟರು. "ಇಂಥ ಎದಿ ಮ್ಯಾಲ ಗುಂಗಿ ಕೊಟ್ರ ಕೂಸು ಏಳತೈತಿ ಅಂತ ಗ್ಯಾರಂಟಿ ನಾ ಕೊಡಂಗಿಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಆ ಮಾತು ಕೇಳಿ ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಕೀಳಲಿಕ್ಕೂ ಆಗೋದಿಲ್ಲ, ಬಿಡಲಿಕ್ಕೂ ಆಗೋದಿಲ್ಲ ಅಂದರೆ ಈ ಹಲ್ಲನ್ನು ಪೂಜೆ ಮಾಡಬೇಕೇನು?

ಖಾಸಬಾಗದ ಡಾಕ್ಟರು ಕೈಬಿಡಲಿಲ್ಲ. ಬೆಳಗಾವಿಯದೇ ಒಂದು ಆಸ್ಪತ್ರೆಯಲ್ಲಿ ಗುಂಗಿ ಕೊಡುವ ಡಾಕ್ಟರ್ ಬಾಯಾರು, ಅಂದರೆ ಲೇಡಿ ಡಾಕ್ಟರು, ಒಬ್ಬರು ಇದ್ದಾರೆ, ದಮ್ಮಿನ ಮಕ್ಕಳನ್ನೂ ನೋಡಿಕೊಂಡಿದ್ದಾರೆ ಎಂದು ಪತ್ತೆ ಮಾಡಿ ನಮ್ಮನ್ನು ಅಲ್ಲಿಗೆ ಕಳಿಸಿದರು. ಬಾಯಾರು ನಮ್ಮ ಕಡೆಯವರೇ, ಒಕ್ಕಲುತನದ ಮನೆಯ ಹೆಣ್ಣುಮಗಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ ಕಸ ಹೊಡೆಯಲು ನಿಂತವರ ಹಾಗೆ ನಿಂತಿದ್ದರು. ಮಗಳನ್ನು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು.

"ಅಂಜಿಕಿ ಇಲ್ಲ ಅಂತ ನಾ ಸುಳ್ಳ ಹೇಳಂಗಿಲ್ರಿ" ಅಂದರು. "ಗುಂಗಿಯಾಗ ಇಂಥ ಎದಿ ಒಮ್ಮಿಂದೊಮ್ಮೆ ಬಿಗಿ ಹಿಡಿಯಬಹುದು. ಆದ್ರ ಹಲ್ಲು ಹಂಗ ಬಿಟ್ರ ಕೀವು ಒಳಗ ಇಳೀತೈತಿ, ಅದು ಇನ್ನೂ ಕೆಟ್ಟ. ಮೊದಲ ಎದಿ ಹಸನ ಮಾಡೂಣು, ಆಮ್ಯಾಲ ಹಲ್ಲು. ನಾ ಮಾಡತೀನಿ."

ನಾ ಮಾಡತೀನಿ! ಆ ಮಾತು ಕೇಳಿ ನಾನು ಆಸ್ಪತ್ರೆಯ ನಡುಮನೆಯಲ್ಲೇ "ಹೌದ್ರೀ?" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ಆಚೆಯ ಕೋಣೆಯಿಂದ ನರ್ಸ್ ಓಡಿಬಂದಳು. ಅತ್ತೆ ನನ್ನ ತೋಳು ಚಿವುಟಿದರು. ಚಿವುಟಲಿ, ನನಗೆ ಹಾರಬೇಕು ಅನ್ನಿಸುತ್ತಿತ್ತು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಸಡಗರ. ಹೊತ್ತುಹೊತ್ತಿಗೆ ಔಷಧ, ಬಿಸಿನೀರು, ಒಲೆಯ ಹತ್ತಿರ ಸುಳಿಯುವಂತಿಲ್ಲ, ಹುಳಿ ಮಜ್ಜಿಗೆ ಇಲ್ಲ. ಕೀವಿಗೂ ಗುಳಿಗೆ ನಡೆದಿತ್ತು. ಮಗಳ ಎದೆ ದಿನದಿನಕ್ಕೆ ಹಗುರಾಗುತ್ತಿತ್ತು, ನನ್ನ ಜೀವ ದಿನದಿನಕ್ಕೆ ಕುಣಿಯುತ್ತಿತ್ತು. ಕೊನೆಗೆ ಒಂದು ಸಂಜೆ ಬೆಳಗಾವಿಗೆ ಹೋಗಿದ್ದ ನಮ್ಮ ಮನೆಯವರು ಹಲ್ಲಿನ ಡಾಕ್ಟರ ಮಾತು ಹೊತ್ತು ತಂದರು: "ಬರೂ ಸೋಮವಾರ ಮುಂಜಾನೆ ಕರಕೊಂಡ ಬರ್ರಿ ಅಂದಾರ. ಕೂಸು ಉಪವಾಸ ಇರಬೇಕಂತ."

"ಸೋಮವಾರ ಅಂದ ಮ್ಯಾಲ ಮತ್ತ ಹೇಳೂದೇನೈತಿ!" ಎಂದು ಅತ್ತೆ ಎರಡೂ ಕೈ ಜೋಡಿಸಿದರು. "ಮೈಸೂರ ಕಡ್ಯಾವ ಇದ್ರೂ ಶಿವನ ವಾರ ಗೊತ್ತೈತಿ ನೋಡ ಆ ಡಾಕ್ಟರಗ. ಕೂಸು ಒಂದs ಯಾಕ, ನಾವೆಲ್ಲಾರೂ ಮಾಡೂಣು."

ನಮ್ಮ ಅತ್ತೆಯ ಸೋಮವಾರ ಅಂದರೆ ಓಣಿಗೇ ಹೆಸರಾದದ್ದು. ಅನ್ನದ ಅಗಳು ಮುಟ್ಟುತ್ತಿರಲಿಲ್ಲ, ರೊಟ್ಟಿಯ ಚೂರು ಮುಟ್ಟುತ್ತಿರಲಿಲ್ಲ. ಆ ಸೋಮವಾರ ನಸುಕಿನಲ್ಲಿ ಎದ್ದು ಅವರೇ ಒಲೆ ಹಚ್ಚಿದರು. ರೈಲಿನ ಕಲ್ಲಿದ್ದಲ ಹೊಗೆ ಮಗಳಿಗೆ ಆಗಿಬರುತ್ತಿರಲಿಲ್ಲ, ಅದಕ್ಕೆ ಮೊದಲ ಬಸ್ಸು ಹಿಡಿದೆವು. ಕಿಟಕಿಯ ಹತ್ತಿರ ಮಗಳು, ಬಾಜುಕ್ಕೆ ಅತ್ತೆ, ಅತ್ತೆಯ ಉಡಿಯಲ್ಲಿ ಡಬ್ಬಿ. ಹುಡುಗಿಗೆ ಪರಮಾನಂದ. ಆಸ್ಪತ್ರೆಯಲ್ಲಿ ಕರಿಯ ಪುಗ್ಗಾ, ಅಂದರೆ ಬಲೂನು, ಊದಿಸುತ್ತೇನೆ ಎಂದು ಬಾಯಾರು ಅವಳಿಗೆ ಮಾತು ಕೊಟ್ಟಿದ್ದರು. ದಮ್ಮಿನ ಹುಡುಗಿಗೆ ಪುಗ್ಗಾ ಊದಲು ನಾವು ಎಂದೂ ಬಿಟ್ಟವರಲ್ಲ. ಕಂಡಕ್ಟರನಿಗೂ ಹೇಳಿದಳು, ಹಿಂದಿನ ಸೀಟಿನ ಹಾಲಿನ ಕ್ಯಾನಿನವನಿಗೂ ಹೇಳಿದಳು.

ಆಸ್ಪತ್ರೆಯಲ್ಲಿ ಎಲ್ಲ ತಯಾರಿತ್ತು. ಹಲ್ಲಿನ ಡಾಕ್ಟರು ತಮ್ಮ ಇಕ್ಕಳ ಗಿಕ್ಕಳ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಬಾಯಾರು ಮಗಳ ಎದೆ ನೋಡಿದರು, ಹಸನ ಐತಿ ಅಂದರು. ಅತ್ತೆಯ ಕಡೆ ತಿರುಗಿ "ಕೂಸಿಗೆ ಏನರ ತಿನಿಸೀರೇನ್ರಿ ಆಯಿ?" ಎಂದು ಕೇಳಿದರು.

"ಅಯ್ಯ, ಇಲ್ರಿ ಬಾಯಾರ! ಕಟ್ಟುನಿಟ್ಟ ಉಪವಾಸ!" ಅತ್ತೆಯ ಮುಖದಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

ಮಗಳನ್ನು ಎತ್ತಿಕೊಂಡು ಒಳಗೆ ಹೊರಟ ಬಾಯಾರು ಬಾಗಿಲಲ್ಲಿ ನಿಂತರು. ಮಗಳ ಗದ್ದ ಹಿಡಿದು, "ಹೌದೇನ ತಂಗಿ? ಉಪವಾಸಕ್ಕ ಏನ ತಿಂದಿ?" ಅಂದರು.

"ಸಾಬೂದಾಣಿ ಖಿಚಡಿ, ಬಾಳಿಹಣ್ಣ, ಹಾಲು!" ಎಂದಳು ನನ್ನ ಮಗಳು, ಸಾಲಿಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. "ಶೇಂಗಾದ ಉಂಡಿನೂ ಐತಿ. ಅದು ಹಲ್ಲ ಕಿತ್ತ ಮ್ಯಾಲಂತ."

ಸಾಬೂದಾಣಿ ಅಂದರೆ ಮೈಸೂರು ಕಡೆಯವರ ಸಬ್ಬಕ್ಕಿ. ಹಲ್ಲಿನ ಡಾಕ್ಟರ ಮುಖ ಅದಕ್ಕಿಂತ ಬೆಳ್ಳಗಾಯಿತು. "ಉಪವಾಸ ಇರಲಿ ಅಂತ ಹೇಳಿದ್ದೆನಲ್ಲಮ್ಮ!" ಎಂದರು.

"ಉಪವಾಸನ ಮಾಡೇವಲ್ರೀ!" ಅತ್ತೆಯೂ ದನಿ ಏರಿಸಿದರು. "ಒಂದ ಅಗಳ ಅನ್ನಾ ಮುಟ್ಟಿದ್ರ ಕೇಳ್ರಿ!"

"ಖಿಚಡಿ ತಿನ್ನಿಸಿದ್ದೀರಲ್ಲ!"

"ಮತ್ತ ಉಪವಾಸಕ್ಕ ಖಿಚಡಿ ತಿನ್ನದ ಏನ ತಿನ್ನಬೇಕ್ರಿ?"

ಇಬ್ಬರೂ ಆಡಿದ್ದು ಕನ್ನಡವೇ. ಒಬ್ಬರದು ಇನ್ನೊಬ್ಬರಿಗೆ ತಿಳಿಯಲಿಲ್ಲ. ಅವರಿಗೆ ಉಪವಾಸ ಅಂದರೆ ಖಾಲಿ ಹೊಟ್ಟೆ, ನಮಗೆ ಉಪವಾಸ ಅಂದರೆ ಒಂದು ಅಡಿಗೆ. ಬಾಯಾರು ಗೋಡೆಗೆ ಆನಿಕೊಂಡು ನಗಲು ಶುರುಮಾಡಿದರು. "ಏಕಾದಶಿ, ದುಪ್ಪಟ್ ಖಾಶಿ" ಎಂದು ನಮ್ಮ ಕಡೆ ಮರಾಠಿಯವರು ಆಡುವ ಮಾತನ್ನು ಆಡಿದರು, ಏಕಾದಶಿ ಬಂತಂದರೆ ಎರಡು ಪಟ್ಟು ತಿನ್ನುತ್ತಿ ಅಂತ. "ನಮ್ಮವ್ವನ ಉಪವಾಸದ ದಿನಾನ ನಾವು ಹೊಟ್ಟಿ ತುಂಬ ಉಣತಿದ್ವಿ. ಅದಕ್ಕ ನಾ ಯಾವಾಗ್ಲೂ ಎರಡ ಸಲ ಕೇಳತೀನ್ರಿ" ಅಂದರು.

ಆಮೇಲೆ ನಗು ನಿಲ್ಲಿಸಿ ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಗುಂಗಿಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಅದು ನೇರ ಉಸಿರಿನ ಕೊಳವೆಗೆ ಇಳಿಯುತ್ತದೆ. ಗಟ್ಟಿಮುಟ್ಟಾದ ಮಕ್ಕಳೇ ಅದನ್ನು ತಡೆಯುವುದು ಕಷ್ಟ, ಈ ಎದೆ ತಡೆಯುವುದೇ ಇಲ್ಲ. ನಾಕು ಹೆಜ್ಜೆ ಆಚೆ ಆ ಬಾಗಿಲಿತ್ತು. ಬಾಯಾರು ಇನ್ನೊಮ್ಮೆ ಕೇಳದೆ ಹೋಗಿದ್ದರೆ ನನ್ನ ಮಗಳು ಅದನ್ನು ದಾಟಿ ಒಳಗೆ ಹೋಗುತ್ತಿದ್ದಳು.

"ಇನ್ನೊಂದ ದಿನಾ ಬರ್ರಿ. ಯಾವ ದೇವರ ವಾರನೂ ಇಲ್ಲದ ದಿನಾ ನೋಡಿ ಬರ್ರಿ" ಅಂದರು ಬಾಯಾರು.

ಅತ್ತೆ ವಿಚಾರಕ್ಕೆ ಬಿದ್ದರು. ಮಂಗಳವಾರ, ಶುಕ್ರವಾರ ದೇವಿದು. ಗುರುವಾರ ಮಠದ ಅಜ್ಜಾರದು. ಶನಿವಾರ ಹಣಮಪ್ಪಂದು, ರವಿವಾರ ಮೈಲಾರಲಿಂಗಂದು. "ಬುಧವಾರ ಆಗತಿತ್ತು, ಆದ್ರ ಬಾಜೂ ಮನಿ ಮರಾಠ್ಯಾರು ಅದು ವಿಠ್ಠಲಂದು ಅಂತಾರ" ಎಂದು ಸಂಕಟಪಟ್ಟರು. ಬಾಯಾರು, "ವಿಠ್ಠಲ ಏನೂ ಅನ್ನಂಗಿಲ್ರಿ ಆಯಿ, ಬುಧವಾರ ಬರ್ರಿ. ನಿರಂಕಾರ ಉಪವಾಸ. ಮುಂಜಾನಿ ಒಂದ ಗುಟಕ ನೀರೂ ಇಲ್ಲ" ಎಂದರು. ನಿರಂಕಾರ! ಆ ಒಂದು ಮಾತು ಅತ್ತೆಗೆ ಥಟ್ಟನೆ ತಿಳಿಯಿತು. ನೀರೂ ಮುಟ್ಟದ ಆ ಉಪವಾಸವನ್ನು ಅವರು ಶಿವರಾತ್ರಿಗೆ ಮಾಡುತ್ತಿದ್ದರು. "ಮೊದಲs ಹಂಗ ಅನಬಾರದೇನ್ರಿ!" ಎಂದು ಹಲ್ಲಿನ ಡಾಕ್ಟರ ಕಡೆ ಕಣ್ಣು ಬಿಟ್ಟರು. ಪಾಪ, ಆ ಹುಡುಗ ಅಂದೇ ಆ ಶಬ್ದವನ್ನು ಮೊದಲ ಸಲ ಕೇಳಿದ್ದು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಆ ಡಬ್ಬಿಯನ್ನು ಉಡಿಯಲ್ಲಿ ಒತ್ತಿ ಹಿಡಿದು ಕೂತಿದ್ದರು. ದೇಸೂರು ದಾಟಿದ ಮೇಲೆ, "ನನ್ನ ಕೈಲೆ ತುತ್ತ ಮಾಡಿ ಹಾಕೀನಿ ನಾ" ಅಂದರು. ಅಷ್ಟೇ. ನನಗೆ ಅವರ ಮೇಲೆ ಎಳ್ಳಷ್ಟೂ ಸಿಟ್ಟು ಬರಲಿಲ್ಲ. ಬೇನೆಯ ಬಾಯಿಗೆ ಮೆತ್ತಗಾಗಲಿ ಎಂದು ಖಿಚಡಿಗೆ ತುಪ್ಪ ಹೆಚ್ಚು ಹಾಕಿದ ಕೈ ಅದು. ನಾನು ಅವರ ಹೆಗಲಿಗೆ ತಲೆ ಆನಿಸಿ ಕೂತೆ. ನಾವಿಬ್ಬರೂ ಹಾಗೆ ಕೂತದ್ದು ಅದೇ ಮೊದಲು.

ಬುಧವಾರಕ್ಕೆ ನಾವು ದಂಡು ಹೊರಟವರ ಹಾಗೆ ತಯಾರಾದೆವು. ಬೆಳಗಾವಿಯ ಮಹಾಂತೇಶ ನಗರದಲ್ಲಿ ನನ್ನ ಅಣ್ಣ ಬಾಡಿಗೆ ಮನೆ ಹಿಡಿದಿದ್ದ. ಹಿಂದಿನ ದಿನವೇ ಅಲ್ಲಿ ಹೋಗಿ ಇಳಿದೆವು, ಬಸ್ಸಿನಲ್ಲಿ ಯಾರಾದರೂ ಕೂಸಿನ ಕೈಗೆ ಏನಾದರೂ ಕೊಟ್ಟಾರೆಂಬ ಭಯ. ನಮ್ಮ ನಾಡಿನಲ್ಲಿ ಮಗುವನ್ನು ಉಪವಾಸ ಇಡುವುದು ಸುಲಭದ ಕೆಲಸವಲ್ಲ ನೋಡಿ. ಬರಿಗೈಯಲ್ಲಿ ಕೂಸನ್ನು ಕಳಿಸಿದರೆ ಮನೆಗೆ ಶೋಭೆಯಲ್ಲ ಅನ್ನುವ ಜನ. ಬೆಳಕು ಹರಿಯುವ ಮೊದಲೇ ಅತ್ತಿಗೆ ಅಡಿಗೆಮನೆಗೆ ಕೀಲಿ ಹಾಕಿ ಕೀಲಿಕೈಯನ್ನು ಕುಪ್ಪಸದಲ್ಲಿಟ್ಟುಕೊಂಡಳು. ಅಣ್ಣ ಚಹಾ ಇಲ್ಲದೆ ಹುಳ್ಳಗೆ ಮುಖ ಮಾಡಿ ಕೂತಿದ್ದ. ಮಗಳು ಮಾತ್ರ "ಪುಗ್ಗಾ ಎಲ್ಲೈತಿ, ಪುಗ್ಗಾ ಎಲ್ಲೈತಿ" ಎಂದು ಹಸಿವನ್ನೇ ಮರೆತಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅದಾಯಿತು. ಆಚೆಯ ವಾರ್ಡಿನಲ್ಲಿ ಮೊಮ್ಮಗ ಹುಟ್ಟಿದ ಖುಷಿಗೆ ಒಬ್ಬ ಅಜ್ಜಿ ಪೇಢೆ ಹಂಚುತ್ತ ಬಂದಳು. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಒಂದು ಪೇಢೆ ಮಗಳ ಕೈಯಲ್ಲಿತ್ತು, ಕೈ ಬಾಯಿಯ ಹತ್ತಿರ ಇತ್ತು. "ಬ್ಯಾಡಾ!" ಎಂದು ನಾನು ಕೂಗಿದ್ದು ಬಹುಶಃ ಹೊಸ ಕೂಸಿಗೂ ಕೇಳಿಸಿರಬೇಕು. ಅತ್ತೆಯದು ನನಗಿಂತ ಚುರುಕು. ಒಂದೇ ಏಟಿಗೆ ಪೇಢೆ ಹಾರಿ, ಆಗತಾನೆ ಒಳಗೆ ಬರುತ್ತಿದ್ದ ಹಲ್ಲಿನ ಡಾಕ್ಟರ ಬೂಟಿನ ಹತ್ತಿರ ಬಿತ್ತು. ಆ ಅಜ್ಜಿ ಬಾಯಿ ಬಿಟ್ಟು ನಿಂತಳು. "ಇಕಿದು ನಿರಂಕಾರ ಐತಿ, ಸಿಟ್ಟ ಮಾಡ್ಕೋಬ್ಯಾಡವಾ" ಎಂದು ಅತ್ತೆ ಅವಳ ಕೈ ಹಿಡಿದುಕೊಂಡರು. ಅವಳು ನಮ್ಮ ಎಳೆಕೂಸಿನ ಕಡೆ ನೋಡಿ, ಇದೆಂಥ ಮಡಿಯ ಮನೆತನವಪ್ಪಾ ಎಂದು ಕೈ ಮುಗಿದು ಹೋದಳು. ನಗು ಬಂತು ನನಗೆ.

ಬಾಯಾರು ಮಗಳನ್ನೇ ಕೇಳಿದರು, ನನ್ನನ್ನು ಕೇಳಿದರು, ಅತ್ತೆಯನ್ನು ಕೇಳಿದರು. ಮೂವರೂ ಏನೂ ಇಲ್ಲ ಅಂದೆವು. "ಮತ್ತ ನೀವ್ಯಾಕ ಬಾಡೀರಿ ಆಯಿ?" ಅಂದಾಗಲೇ ಗೊತ್ತಾದದ್ದು, ಅತ್ತೆಯೂ ಅಂದು ನೀರು ಮುಟ್ಟಿರಲಿಲ್ಲ.

ಮಗಳು ನಿದ್ದೆ ಹೋಗುವ ತನಕ ನಾನು ಒಳಗೆ ಇರಬಹುದು ಅಂದರು. ಆ ಕರಿಯ ಪುಗ್ಗಾ ಅಂದರೆ ಗುಂಗಿಯ ಯಂತ್ರಕ್ಕೆ ಜೋಡಿಸಿದ ರಬ್ಬರಿನ ಚೀಲ. ಮೂಗು ಬಾಯಿಯ ಮೇಲೆ ಮುಚ್ಚುವ ರಬ್ಬರನ್ನು ಹಿಡಿದು ಬಾಯಾರು, "ಊದು ತಂಗಿ, ನೋಡೂಣು ನಿನ್ನ ದಮ್ಮ ಎಷ್ಟೈತಿ" ಅಂದರು. ಹುಡುಗಿ ಊದಿದಳು. ಚೀಲ ಉಬ್ಬಿತು. ಅವಳ ಕಣ್ಣು ಅಗಲವಾಗಿ ನನ್ನ ಕಡೆ ತಿರುಗಿತು, ನೋಡಿದೇನ, ನಾನs ಉಬ್ಬಿಸಿದೆ ಅನ್ನುವ ಹಾಗೆ. ಚೀಲ ಇಳಿಯಿತು, ಉಬ್ಬಿತು, ಇಳಿಯಿತು. ಅವಳ ಕಣ್ಣು ಮುಚ್ಚಿದ ಮೇಲೂ ಅದು ಉಬ್ಬುತ್ತ ಇಳಿಯುತ್ತ ಇತ್ತು. ನರ್ಸ್ ನನ್ನ ತೋಳು ಹಿಡಿದು ಹೊರಗೆ ಬಿಟ್ಟಳು.

ಹೊರಗೆ ನಮ್ಮ ಮನೆಯವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅತ್ತೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೆದರಿಕೆಯೂ ಇತ್ತು, ಸುಳ್ಳೇಕೆ. ಆದರೆ ಅದರ ಮೇಲೆ ಏನೋ ಒಂದು ಉಕ್ಕುತ್ತಿತ್ತು, ಐದು ವರ್ಷ ಆ ದಮ್ಮಿಗೆ ಅಂಜಿ ಬಾಳಿದವರು ಇವತ್ತು ಅದರ ಎದುರಿಗೆ ಹೋಗಿ ನಿಂತೆವಲ್ಲ ಎಂದು.

ಬಹಳ ಹೊತ್ತು ಆಗಲಿಲ್ಲ. ಹಲ್ಲಿನ ಡಾಕ್ಟರು ಹೊರಗೆ ಬಂದರು. ಅಂಗೈಯಲ್ಲಿ ಹತ್ತಿ, ಹತ್ತಿಯಲ್ಲಿ ಜೋಳದ ಕಾಳಿಗಿಂತ ತುಸು ದೊಡ್ಡದಾದ ಒಂದು ಕರಿಹಲ್ಲು. ಇಷ್ಟೇ ಇಷ್ಟು ಅದು! ಅವರು ಬೆವರಿದ್ದರು, ನಗುತ್ತಿದ್ದರು. ಅವರ ಹಿಂದೆಯೇ ನರ್ಸ್ ಬಂದು, "ಬಾಯಾರು ಕರೀತಾರ, ಲಗೂನ ಬರ್ರಿ" ಅಂದಳು. ಲಗೂನ, ಅಂದರೆ ಬೇಗ, ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಒಳಗೆ ಓಡಿದೆ. ಅತ್ತೆ ನನ್ನ ಹಿಂದೆಯೇ ನುಗ್ಗಿದರು, ಯಾರೂ ತಡೆಯಲಿಲ್ಲ.

ಮಗಳು ಮಗ್ಗುಲಾಗಿ ಮಲಗಿದ್ದಳು. ತುಟಿ ಕೆಂಪಗಿತ್ತು. ಬಾಯಾರು ತಮ್ಮ ಕೊರಳ ಸ್ಟೆಥಾಸ್ಕೋಪ್ ತೆಗೆದು ನನ್ನ ಕಿವಿಗೆ ಸಿಗಿಸಿ, ಅದರ ಬಿಲ್ಲೆಯನ್ನು ಮಗಳ ಬೆನ್ನಿಗೆ ಇಟ್ಟರು. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು. ಬೇರೆ ಏನೂ ಇಲ್ಲ.

"ಗುಂಗಿ ಔಷಧಕ್ಕ ಎದಿ ಪೂರಾ ಬಿಚ್ಚೇತ್ರಿ" ಅಂದರು ಬಾಯಾರು. "ಸ್ವಲ್ಪ ಹೊತ್ತ ಹಿಂಗ ಇರತೈತಿ. ಆಮ್ಯಾಲ ಮತ್ತ ದಮ್ಮು ಇದ್ದದ್ದs. ತಾಯಿ ಒಮ್ಮೆ ಕೇಳಲಿ ಅಂತ ಕರದೆ."

ಹಡೆದ ಮೇಲೆ ನನ್ನ ಮಗಳ ಉಸಿರನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಅತ್ತುಬಿಟ್ಟೆ. ಅಷ್ಟು ಸದ್ದಿಲ್ಲದೆ ನಾನು ಅತ್ತದ್ದು ಜನ್ಮದಲ್ಲಿ ಅದೊಂದೇ ಸಲ.

ನಾನು ಅಳುವುದು ಕಂಡು ನಮ್ಮ ಅತ್ತೆ ಗಾಬರಿಯಾದರು. "ಏನಾತವಾ? ಕೊಡ ಇಲ್ಲೆ!" ಎಂದು ಸ್ಟೆಥಾಸ್ಕೋಪ್ ಕಸಿದುಕೊಂಡು ಕಿವಿಗೆ ಹಾಕಿಕೊಂಡರು. ಕೇಳಿದರು. ಮುಖ ಬಿಳಿಚಿತು. "ಬಾಯಾರ! ಏನೂ ಕೇಳಸವಲ್ದಲ್ರಿ! ಕೂಸಿನ ಎದಿಯಾಗ ಸಪ್ಪಳನ ಇಲ್ಲ!"

ಬಾಯಾರು ಅವರ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ, "ಸೀಟಿ ಹುಡಕಬ್ಯಾಡ್ರಿ ಆಯಿ. ಸೀಟಿ ಇಲ್ಲ ಈಗ. ಉಸರ ಕೇಳ್ರಿ" ಅಂದರು.

ಅತ್ತೆ ಬಗ್ಗಿ ಕಣ್ಣು ಮುಚ್ಚಿಕೊಂಡರು. ಮಗಳ ಉಸಿರಿನ ಜೊತೆಗೆ ಅವರ ಭುಜವೂ ಏರುತ್ತ ಇಳಿಯುತ್ತ ಹೋಯಿತು. ಅಷ್ಟರಲ್ಲಿ ಬಾಯಾರನ್ನು ಇನ್ನೊಂದು ಕೋಣೆಗೆ ಕರೆದರು. ಅವರು ಸ್ಟೆಥಾಸ್ಕೋಪಿಗಾಗಿ ಒಮ್ಮೆ ಕೈ ಚಾಚಿದರು, ಸ್ವಲ್ಪ ತಡೆದು ಮತ್ತೆ ಚಾಚಿದರು. ಅತ್ತೆ ಕೊಡಲಿಲ್ಲ.